ಪ್ರಿಸಿಷನ್ ರೈಫಲ್: ನಾವೇ ಜೋಡಿಸುವುದೋ, ಮಾಡಿಸಿಕೊಳ್ಳುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ರೇಂಜ್‌ನಲ್ಲಿ ಸಿಕ್ಕಾಗ, ಊಟಕ್ಕೆ ಸೇರಿದಾಗ, ಪತ್ರ ಬರೆದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬೆಲೆ, ಕಾನೂನು ಎಲ್ಲ ಅಮೆರಿಕದ್ದು. ಭಾರತದ ಕಥೆ ಪೂರ್ತಿ ಬೇರೆ, ಅದನ್ನೂ ಕೇಳುವವರಿದ್ದಾರೆ, ಹಾಗಾಗಿ ಅದಕ್ಕೂ ಉತ್ತರ ಸೇರಿಸಿದ್ದೇನೆ.

## ಶುರು ಮಾಡುವವರಿಗೆ

ಪ್ರಿಸಿಷನ್ ರೈಫಲ್ ಅಂದ್ರೆ ಏನು? ಬೇಟೆ ರೈಫಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ದೂರದ ಸಣ್ಣ ಗುರಿಗೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಗುಂಡು ಬೀಳುವಂತೆ ಮಾಡಿದ ರೈಫಲ್. ಬಹುಪಾಲು ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಉಕ್ಕಿನ ದಂಡವನ್ನು ಕೈಯಿಂದಲೇ ಹಿಂದೆ ಮುಂದೆ ಎಳೆಯುವಂಥದ್ದು. ಬೇಟೆಯ ರೈಫಲ್ ಹೆಗಲ ಮೇಲೆ ಹೊತ್ತು ನಡೆಯುವುದಕ್ಕೆ ಅಂತ ಹಗುರ ಇರುತ್ತದೆ, ಬ್ಯಾರೆಲ್ ತೆಳ್ಳಗಿರುತ್ತದೆ. ನಾಲ್ಕೈದು ಗುಂಡು ಹೊಡೆದರೆ ಬಿಸಿಯಾಗುತ್ತದೆ. ಸ್ಪರ್ಧೆಯ ಪ್ರಿಸಿಷನ್ ರೈಫಲ್ ದಪ್ಪ ಬ್ಯಾರೆಲ್‌ನದು, ಸ್ಕೋಪ್ ಸೇರಿ 8–10 ಕೆಜಿ ತೂಗುವುದು ಮಾಮೂಲು.

ಅಳತೆಗೆ ಎಂಒಎ (ಮಿನಿಟ್ ಆಫ್ ಆಂಗಲ್, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅನ್ನುವ ಕೋನ ಬಳಸುತ್ತಾರೆ. 100 ಗಜಕ್ಕೆ ಒಂದು ಎಂಒಎ ಅಂದರೆ ಸುಮಾರು 1.05 ಇಂಚು, 1000 ಗಜಕ್ಕೆ 10.5 ಇಂಚು. ಒಳ್ಳೆಯ ಪ್ರಿಸಿಷನ್ ರೈಫಲ್ ಅರ್ಧ ಎಂಒಎ ಆಸುಪಾಸಿನಲ್ಲಿ ಗುಂಪು ಹಾಕಬೇಕು, ಅಂದರೆ ಹೊಡೆದ ಗುಂಡುಗಳ ತೂತುಗಳೆಲ್ಲ ಅಷ್ಟರೊಳಗೆ ಬೀಳಬೇಕು ಅನ್ನುವುದು ಸಾಮಾನ್ಯ ನಿರೀಕ್ಷೆ.

"ನಾನೇ ಬಿಲ್ಡ್ ಮಾಡ್ದೆ" ಅಂತಾರಲ್ಲ, ಮನೇಲಿ ಬಂದೂಕು ತಯಾರಿಸ್ತಾರಾ?

ಇಲ್ಲ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಮಾಡುವುದು ಜೋಡಣೆ. ಆಕ್ಷನ್ (ಬೋಲ್ಟ್ ಓಡಾಡುವ ನಡುವಿನ ಭಾಗ), ಬ್ಯಾರೆಲ್, ಟ್ರಿಗರ್, ಚಾಸಿ (ಇವೆಲ್ಲ ಕೂರುವ ಚೌಕಟ್ಟು), ಸ್ಕೋಪ್ ಬೇರೆ ಬೇರೆ ಕೊಂಡು ಕೂಡಿಸುತ್ತಾರೆ. ಕಾನೂನಿನ ಕಣ್ಣಲ್ಲಿ ಬಂದೂಕು ಅಂದರೆ ಸೀರಿಯಲ್ ನಂಬರ್ ಇರುವ ಆಕ್ಷನ್ ಮಾತ್ರ. ಹೊಸ ಆಕ್ಷನ್ ಆರ್ಡರ್ ಮಾಡಿದರೆ ಅದನ್ನು ಲೈಸೆನ್ಸ್ ಇರುವ ಡೀಲರ್ ಮೂಲಕವೇ ತೆಗೆದುಕೊಳ್ಳಬೇಕು, 4473 ನಂಬರಿನ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಅಂಗಡಿಯಲ್ಲಿ ಪೂರ್ತಿ ರೈಫಲ್ ಕೊಂಡರೂ ಇದೇ ದಾರಿ. ಫೆಡರಲ್ ಕಾನೂನಿನ ಪ್ರಕಾರ ಉಳಿದ ಭಾಗಗಳು ಮನೆಗೇ ಬರಬಹುದು. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ, ಕೆಲವು ರಾಜ್ಯಗಳು ತುಂಬಾ ಬಿಗಿ. ಆರ್ಡರ್ ಹಾಕುವ ಮುಂಚೆ ಊರಿನ ಡೀಲರ್ ಹತ್ತಿರ ಒಂದು ಮಾತು ಕೇಳಿ.

ನಾನು ಎಚ್-1ಬಿ ಮೇಲಿದ್ದೀನಿ. ತಗೋಬಹುದಾ?

ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್-1ಬಿ, ಎಲ್-1, ಎಫ್-1 ಹೀಗೆ ನಾನ್-ಇಮಿಗ್ರೆಂಟ್ ವೀಸಾ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅವುಗಳಲ್ಲೊಂದು. ಹೊಂದುವುದು ಅಂದರೆ ಮಾಲೀಕತ್ವ ಮಾತ್ರ ಅಲ್ಲ, ಕೈಯಲ್ಲಿ ಹಿಡಿಯುವುದೂ ಅದರಲ್ಲಿ ಬರಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ.

ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೂ ಕಾರಣವಾಗುತ್ತದೆ. ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡ್ ಫೈಲು ಒಂದು ಹವ್ಯಾಸಕ್ಕೆ ಬಲಿಯಾಗಬಾರದು. ಇಮಿಗ್ರೇಷನ್ ವಕೀಲರನ್ನು ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ, ಆಮೇಲೆ ರೇಂಜ್‌ಗೆ ಹೋಗಿ.

ಮೊದಲ ರೈಫಲ್ಲೇ ಬಿಲ್ಡ್ ಮಾಡಿಬಿಡ್ಲಾ?

ಬೇಡ. ಮೊದಲು ಫ್ಯಾಕ್ಟರಿ ರೈಫಲ್ ಕೊಳ್ಳಿ. ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್, ಸ್ಪೇನಿನ ಬರ್ಗಾರಾ ಬಿ-14 ಎಚ್‌ಎಂಆರ್ ತರಹದವು ಸುಮಾರು 1000–1500 ಡಾಲರ್‌ಗೆ ಸಿಗುತ್ತವೆ. ಒಳ್ಳೆಯ ಗುಂಡು ಹಾಕಿದರೆ ಹೊಸಬರ ಕೈಗಿಂತ ಚೆನ್ನಾಗಿಯೇ ಹೊಡೆಯುತ್ತವೆ.

ಇದಕ್ಕೆ ನನ್ನ ಕಾರಣ ಒಂದೇ. ನಿಮಗೆ ಏನು ಬೇಕು ಅಂತ ನಿಮಗೇ ಇನ್ನೂ ಗೊತ್ತಿರುವುದಿಲ್ಲ. ಹಿಡಿ ನೇರ ಇರಬೇಕಾ, ಓರೆ ಇರಬೇಕಾ? ಟ್ರಿಗರ್ ಒಂದೇ ಹಂತದ್ದಾ, ಎರಡು ಹಂತದ್ದಾ? ಮಲಗಿ ಹೊಡೆಯುವುದು ಜಾಸ್ತಿಯಾ, ಬ್ಯಾರಿಕೇಡ್ ಮೇಲೆ ಇಟ್ಟು ಹೊಡೆಯುವುದಾ? ಒಂದು ಸೀಸನ್ ಪೂರ್ತಿ ಹೊಡೆದವರಿಗೆ ಈ ಪ್ರಶ್ನೆಗಳಿಗೆ ತಾವಾಗೇ ಉತ್ತರ ಸಿಗುತ್ತದೆ. ಅದಕ್ಕೂ ಮುಂಚೆ ನಾಲ್ಕು ಸಾವಿರ ಡಾಲರ್ ಸುರಿದರೆ ಬೇರೆಯವರ ಅಭಿರುಚಿಯ ರೈಫಲ್ ನಿಮ್ಮ ಮನೆಗೆ ಬರುತ್ತದೆ.

## ದುಡ್ಡಿನ ಲೆಕ್ಕ

ನಾನೇ ಜೋಡಿಸಿದ್ರೆ ಎಷ್ಟು ಉಳಿಯುತ್ತೆ?

ನೀವು ಅಂದುಕೊಂಡಷ್ಟಲ್ಲ. ಸುಮಾರು ಲೆಕ್ಕ ಹೀಗೆ: ಒಳ್ಳೆಯ ಆಕ್ಷನ್ 900ರಿಂದ 1700 ಡಾಲರ್, ಚೇಂಬರ್ (ಕಾಡತೂಸು ಕೂರುವ ಜಾಗ) ಮಾಡಿ ಬರುವ ಪ್ರಿಫಿಟ್ ಬ್ಯಾರೆಲ್ 500ರಿಂದ 800, ಟ್ರಿಗರ್ 150ರಿಂದ 300, ಚಾಸಿ 500ರಿಂದ 1500. ಎಲ್ಲ ಕೂಡಿದರೆ 2000 ಚಿಲ್ಲರೆಯಿಂದ 4300ರವರೆಗೆ. ಸ್ಕೋಪ್, ರಿಂಗ್, ಬೈಪಾಡ್ ಬೇರೆ. ಅಂಥದ್ದೇ ಭಾಗಗಳನ್ನು ಹಾಕಿ ಗನ್‌ಸ್ಮಿತ್ (ಬಂದೂಕಿನ ಕುಶಲಕರ್ಮಿ) ಪೂರ್ತಿ ಮಾಡಿಕೊಟ್ಟರೆ ಅವರ ಕೂಲಿ ಅಂತ ಕೆಲವು ನೂರು ಡಾಲರ್ ಜಾಸ್ತಿ ಆಗಬಹುದು. ದೊಡ್ಡ ಹೆಸರಿನವರಾದರೆ ಸಾವಿರ ದಾಟಬಹುದು.

ಆ ಉಳಿತಾಯದಿಂದ ಉಪಕರಣದ ಖರ್ಚು ಕಳೆಯಿರಿ: ಬ್ಯಾರೆಲ್ ವೈಸ್, ಆಕ್ಷನ್ ರೆಂಚ್, ಟಾರ್ಕ್ ರೆಂಚ್, ಗೇಜ್‌ಗಳು. ಒಂದೇ ರೈಫಲ್ ಮಾಡುವುದಾದರೆ ಕೈಯಲ್ಲಿ ಉಳಿಯುವುದು ಅಲ್ಪ. ಎರಡನೇ, ಮೂರನೇ ಬ್ಯಾರೆಲ್ ಹಾಕುವಾಗ ಆ ಉಪಕರಣದ ದುಡ್ಡು ವಾಪಸ್ ಬರುತ್ತದೆ.

ರೈಫಲ್‌ನ ಬೆಲೆಯನ್ನೇ ನೋಡುತ್ತಾ ಕೂರಬೇಡಿ ಅನ್ನುವುದು ಇದಕ್ಕಿಂತ ಮುಖ್ಯ. 6.5 ಕ್ರೀಡ್‌ಮೋರ್ ಅನ್ನುವ ಕಾಡತೂಸಿನ ಮ್ಯಾಚ್ (ಸ್ಪರ್ಧೆಯ) ಗುಂಡು ಅಂಗಡಿಯಲ್ಲಿ ಒಂದಕ್ಕೆ ಒಂದೂವರೆ ಎರಡು ಡಾಲರ್. ಸಾವಿರ ಗುಂಡಿಗೆ ಸುಮಾರು 1500–2000 ಡಾಲರ್ ಆಯಿತು, ಅಲ್ವಾ? ಗಂಭೀರವಾಗಿ ಅಭ್ಯಾಸ ಮಾಡುವವರಿಗೆ ಅದು ಒಂದು ಸೀಸನ್‌ಗೂ ಸಾಲದೆ ಹೋಗಬಹುದು. ಹೊಸ ಚಾಸಿಗೆ ಕೊಡುವ ದುಡ್ಡನ್ನು ಗುಂಡಿಗೆ ಹಾಕಿ, ಅಂಕ ಜಾಸ್ತಿ ಬರುತ್ತದೆ.

ಮುಂದೆ ಮಾರೋಕೆ ಹೋದ್ರೆ ಯಾವುದಕ್ಕೆ ಬೆಲೆ ಇರುತ್ತೆ?

ಪೂರ್ತಿ ರೈಫಲ್‌ಗಿಂತ ಬಿಡಿಭಾಗಕ್ಕೆ ಬೆಲೆ ಜಾಸ್ತಿ. ಹೆಸರಿರುವ ಆಕ್ಷನ್ ಮತ್ತು ಸ್ಕೋಪ್ ಬೆಲೆ ಉಳಿಸಿಕೊಳ್ಳುತ್ತವೆ. ಬಳಸಿದ ಬ್ಯಾರೆಲ್‌ಗೆ ಹೆಚ್ಚೇನೂ ಸಿಗುವುದಿಲ್ಲ. ಆಕ್ಷನ್ ಮಾರುವಾಗಲೂ ಕಾನೂನಿನ ದಾರಿಯೇ, ನಿಮ್ಮ ರಾಜ್ಯದಲ್ಲಿ ಕಡ್ಡಾಯ ಇಲ್ಲದಿದ್ದರೂ ಡೀಲರ್ ಮೂಲಕ ಮಾಡಿ.

## ಭಾಗಗಳು, ಜೋಡಣೆ

ಯಾವ ಭಾಗಕ್ಕೆ ಜಾಸ್ತಿ ಖರ್ಚು ಮಾಡ್ಲಿ?

ಬ್ಯಾರೆಲ್ ಮತ್ತು ಸ್ಕೋಪ್. ಗುಂಡು ಎಷ್ಟು ಹತ್ತಿರ ಹತ್ತಿರ ಬೀಳುತ್ತದೆ ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಬ್ಯಾರೆಲ್, ಅದರ ಚೇಂಬರ್ ಮತ್ತು ನೀವು ಹಾಕುವ ಗುಂಡು. ವಿಸ್ಕಾನ್ಸಿನ್‌ನ ಕ್ರೀಗರ್, ಬಾರ್ಟ್‌ಲೈನ್ ಅಥವಾ ಮೊಂಟಾನಾದ ಪ್ರೂಫ್ ರಿಸರ್ಚ್ ತರಹದವರ ಬ್ಯಾರೆಲ್‌ಗಳಲ್ಲಿ ಒಂದನ್ನು ಆರಿಸಿ ಮುಂದೆ ಹೋಗಿ, ಅವುಗಳ ನಡುವೆ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಕ್ಷನ್ ದುಬಾರಿಯದಾದರೆ ಬೋಲ್ಟ್ ನುಣ್ಣಗೆ ಜಾರುತ್ತದೆ, ಧೂಳಲ್ಲೂ ಕೈ ಕೊಡುವುದಿಲ್ಲ. ಅದು ಸುಖ, ಆದರೆ ಗುಂಪು ಅದರಿಂದ ಅರ್ಧ ಆಗುವುದಿಲ್ಲ.

ಪ್ರಿಫಿಟ್ ಬ್ಯಾರೆಲ್ ಅಂದ್ರೇನು? ಮೊದಲೆಲ್ಲ ಇದು ಯಾಕಿರಲಿಲ್ಲ?

ನಿಮ್ಮ ಆಕ್ಷನ್ ಕೈಯಲ್ಲಿ ಇಲ್ಲದೆಯೇ, ಬರೀ ಅದರ ಅಳತೆಯ ನಕ್ಷೆ ನೋಡಿ ಚೇಂಬರ್ ಮಾಡಿ ಕಳಿಸುವ ಬ್ಯಾರೆಲ್ ಇದು. ಬಂದ ಮೇಲೆ ತಿರುಗಿಸಿ ಬಿಗಿ ಮಾಡಿದರಾಯಿತು. ಹಿಂದೆ ಫ್ಯಾಕ್ಟರಿ ಆಕ್ಷನ್‌ಗಳ ಅಳತೆ ಒಂದರಿಂದ ಒಂದಕ್ಕೆ ಬದಲಾಗುತ್ತಿತ್ತು. ಅದಕ್ಕೇ ಪ್ರತಿ ಬ್ಯಾರೆಲ್ಲನ್ನೂ ಆ ಆಕ್ಷನ್‌ಗೇ ಹೊಂದಿಸಿ ಕತ್ತರಿಸಬೇಕಿತ್ತು, ರೈಫಲ್ಲನ್ನು ಗನ್‌ಸ್ಮಿತ್‌ಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಮಾಡಿದ ಆಕ್ಷನ್‌ಗಳು ಒಂದೇ ಅಳತೆಯಲ್ಲಿ ಬರುತ್ತವೆ. ಝರ್ಮಾಟ್ ಆರ್ಮ್ಸ್‌ನವರ ಆರಿಜಿನ್, ಇಂಪ್ಯಾಕ್ಟ್ ಪ್ರಿಸಿಷನ್‌ನವರ 737ಆರ್ ಇಂಥವು.

ಇನ್ನೊಂದು ಹಳೆಯ ದಾರಿಯೂ ಇದೆ. 1958ರಲ್ಲಿ ಬಂದ ಸ್ಯಾವೇಜ್ 110 ರೈಫಲ್‌ನಲ್ಲಿ ಬ್ಯಾರೆಲ್ಲನ್ನು ಒಂದು ನಟ್ ಹಿಡಿದಿರುತ್ತದೆ. ಗೇಜ್ ಇಟ್ಟು ಬ್ಯಾರೆಲ್ ಎಷ್ಟು ಒಳಗೆ ಹೋಗಬೇಕೋ ಅಷ್ಟು ತಿರುಗಿಸಿ, ನಟ್ ಬಿಗಿ ಮಾಡುವುದು. ಲೇಥ್ ಬೇಕಿಲ್ಲ.

ಹೆಡ್‌ಸ್ಪೇಸ್ ಅಂತ ಎಲ್ಲರೂ ಹೆದರಿಸ್ತಾರೆ. ಅಷ್ಟು ಅಪಾಯನಾ?

ಅಪಾಯ ನಿಜ. ಬೋಲ್ಟ್‌ನ ಮುಖದಿಂದ ಚೇಂಬರ್‌ನಲ್ಲಿ ಕಾಡತೂಸಿನ ಭುಜ ತಾಗುವ ಜಾಗದವರೆಗಿನ ದೂರವೇ ಹೆಡ್‌ಸ್ಪೇಸ್. ಅದು ಜಾಸ್ತಿಯಾದರೆ ಹಿತ್ತಾಳೆ ಕೇಸ್ ಹಿಗ್ಗಿ ಸೀಳಬಹುದು. ಬಿಸಿ ಅನಿಲ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆ ನುಗ್ಗಬಹುದು.

ಆದರೆ ಇದನ್ನು ಪರೀಕ್ಷಿಸುವ ಕ್ರಮ ಸ್ಪಷ್ಟವಾಗಿದೆ. ಎರಡು ಉಕ್ಕಿನ ಗೇಜ್ ಇರುತ್ತವೆ, ಗೋ ಮತ್ತು ನೋ-ಗೋ. ಬೋಲ್ಟ್ ಗೋ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. .308 ವಿಂಚೆಸ್ಟರ್ ಅನ್ನುವ ಕಾಡತೂಸಿಗೆ ಗೋ 1.630 ಇಂಚು, ನೋ-ಗೋ 1.634 ಇಂಚು. ನಡುವಿನ ಅಂತರ ಹತ್ತಿರಹತ್ತಿರ 0.1 ಮಿಲಿಮೀಟರ್, ಅಷ್ಟೇ. ಎಜೆಕ್ಟರ್ (ಖಾಲಿ ಕೇಸ್ ಹೊರದೂಡುವ ಭಾಗ), ಫೈರಿಂಗ್ ಪಿನ್ ತೆಗೆದು, ಬೋಲ್ಟ್ ಹಿಡಿಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ಇಳಿಸಿ ನೋಡುತ್ತಾರೆ. ಒತ್ತಿದರೆ ಗೇಜ್ ಸುಳ್ಳು ಹೇಳುತ್ತದೆ.

ಪ್ರಿಫಿಟ್ ಆದರೂ ಈ ಪರೀಕ್ಷೆ ತಪ್ಪಿಸಬೇಡಿ. ನೋ-ಗೋ ಮೇಲೆ ಬೋಲ್ಟ್ ಮುಚ್ಚಿದರೆ ಆ ರೈಫಲ್‌ನಲ್ಲಿ ಒಂದು ಗುಂಡನ್ನೂ ಹೊಡೆಯಬಾರದು, ಸೀದಾ ಗನ್‌ಸ್ಮಿತ್ ಹತ್ತಿರ. ಗೇಜ್ ಸೆಟ್ ಕೊಳ್ಳಲು ಮನಸ್ಸಿಲ್ಲದವರು ಬ್ಯಾರೆಲ್ ಜೋಡಿಸುವ ಕೆಲಸವನ್ನೂ ಗನ್‌ಸ್ಮಿತ್‌ಗೇ ಬಿಡಿ.

ಜೋಡಿಸಿದ್ದಾಯ್ತು, ಗುಂಪು ಬರ್ತಿಲ್ಲ. ಯಾರನ್ನ ಕೇಳಲಿ?

ನಾವೇ ಜೋಡಿಸುವುದರಲ್ಲಿ ದೊಡ್ಡ ತೊಂದರೆ ಇದೇ. ಬ್ಯಾರೆಲ್‌ನವರು ಚಾಸಿ ನೋಡಿ ಅನ್ನುತ್ತಾರೆ, ಚಾಸಿಯವರು ಸ್ಕೋಪ್ ನೋಡಿ ಅನ್ನುತ್ತಾರೆ. ಒಬ್ಬರೇ ಗನ್‌ಸ್ಮಿತ್ ಮಾಡಿದ ರೈಫಲ್ ಆದರೆ ಒಂದು ಫೋನ್ ಸಾಕು, ಪೂರ್ತಿ ಹೊಣೆ ಅವರದು. ನೀವು ಕೊಡುವ ಹೆಚ್ಚಿನ ದುಡ್ಡು ಮುಖ್ಯವಾಗಿ ಈ ಹೊಣೆಗೆ. ಕೆಲಸ, ಸಂಸಾರ, ಮಕ್ಕಳು ಅಂತ ವಾರಕ್ಕೆ ಅರ್ಧ ದಿನವೂ ಸಿಗದವರಿಗೆ ಇದು ಖಂಡಿತ ಬೆಲೆಬಾಳುವ ವಿಷಯ.

ನೀವೇ ನೋಡುವುದಾದರೆ ಸ್ಕ್ರೂಗಳಿಂದ ಶುರು ಮಾಡಿ. ಸ್ಕೋಪ್ ಬೇಸ್, ರಿಂಗ್, ಆಕ್ಷನ್ ಸ್ಕ್ರೂ ಎಲ್ಲವನ್ನೂ ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಿ. ನಾನು ಕಂಡ "ಕೆಟ್ಟ ಬ್ಯಾರೆಲ್"ಗಳಲ್ಲಿ ಸಡಿಲ ಬೇಸ್ ಸ್ಕ್ರೂಗಳೇ ಜಾಸ್ತಿ. ಆಮೇಲೆ ಬೇರೆ ಗುಂಡು, ಬೇರೆ ಸ್ಕೋಪ್, ನಿಮಗಿಂತ ಚೆನ್ನಾಗಿ ಹೊಡೆಯುವ ಗೆಳೆಯ. ಬ್ಯಾರೆಲ್ ಮೇಲೆ ಅನುಮಾನ ಕೊನೆಗೆ.

ಕಾಲು ಎಂಒಎ ಗ್ಯಾರಂಟಿ ಅಂತ ಹೇಳ್ತಾರೆ. ನಂಬಬಹುದಾ?

ಎಷ್ಟು ಗುಂಡಿನ ಗುಂಪು ಅಂತ ಕೇಳಿ. ಒಂದೇ ರೈಫಲ್, ಒಂದೇ ಗುಂಡು, ಆದರೂ 3 ಗುಂಡಿನ ಗುಂಪು ಚಿಕ್ಕದಾಗಿರುತ್ತದೆ, 10 ಗುಂಡಿನದು ದೊಡ್ಡದಾಗುತ್ತದೆ. ಇದು ಬರೀ ಗಣಿತ. 3 ಗುಂಡಿನ ಗುಂಪಿನ ಸರಾಸರಿ ಅರ್ಧ ಇಂಚು ಇದ್ದರೆ 10 ಗುಂಡಿನದು ಸುಮಾರು 0.8 ಇಂಚು ಬರುತ್ತದೆ. ಐದಾರು ಸಲ ಹೊಡೆದು, ಚೆನ್ನಾಗಿ ಬಂದ ಒಂದನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡರೆ ಯಾವ ರೈಫಲ್ ಬೇಕಾದರೂ ಕಾಲು ಎಂಒಎ ತೋರಿಸೀತು.

ಗಾಳಿಯ ಪಕ್ಕ ಇಟ್ಟು ನೋಡಿದರೆ ಈ ಕಾಲು ಎಂಒಎ ಎಷ್ಟು ಸಣ್ಣದು ಅಂತ ತಿಳಿಯುತ್ತದೆ. 1000 ಗಜದಲ್ಲಿ ಕಾಲು ಎಂಒಎ ಅಂದರೆ 2.6 ಇಂಚು. ಅದೇ ದೂರಕ್ಕೆ 6.5 ಕ್ರೀಡ್‌ಮೋರ್‌ನ 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ಹೊಡೆಯುವಾಗ ಅಡ್ಡಗಾಳಿಯನ್ನು ಗಂಟೆಗೆ ಬರೀ ಒಂದು ಮೈಲು ತಪ್ಪಾಗಿ ಅಂದಾಜು ಮಾಡಿದರೆ ಗುಂಡು ಸುಮಾರು 7 ಇಂಚು ಪಕ್ಕಕ್ಕೆ ಹೋಗುತ್ತದೆ. ಹುಲ್ಲು ಬಾಗುವುದು, ಸ್ಕೋಪ್‌ನಲ್ಲಿ ಬಿಸಿಗಾಳಿ ಓಡುವುದು ಇವನ್ನು ಓದುವುದು ಯಾವ ಗನ್‌ಸ್ಮಿತ್ ಹತ್ತಿರವೂ ಸಿಗುವುದಿಲ್ಲ.

## ಭಾರತದ ಪ್ರಶ್ನೆಗಳು

ನಾವು ಕೊಡವರು, ನಮಗೆ ಲೈಸೆನ್ಸ್ ವಿನಾಯಿತಿ ಇದೆ. ಊರಲ್ಲೇ ಹೀಗೆ ಜೋಡಿಸಬಹುದಾ?

ಇಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ವಿಸ್ತರಿಸಿದೆ. ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು, ತಯಾರಿಸುವುದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತಯಾರಿಕೆ, ಮಾರ್ಪಾಡು ಎಲ್ಲಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕೈಲ್ ಪೊಳ್ದ್ ಹಬ್ಬದ ದಿನ ಪೂಜೆಗೆ ಇಡುವ ಕೋವಿಯ ಗೌರವ ದೊಡ್ಡದು, ಅದಕ್ಕೆ ಇಂಥ ಕೇಸ್ ಅಂಟಬಾರದು.

ಅಮೆರಿಕದಿಂದ ಬರುವಾಗ ಒಂದು ಬ್ಯಾರೆಲ್ ಸೂಟ್‌ಕೇಸಲ್ಲಿ ತಂದುಕೊಡ್ತೀರಾ?

ತರುವುದಿಲ್ಲ, ನೀವೂ ಯಾರಿಗೂ ತಂದುಕೊಡಬೇಡಿ. ಬ್ಯಾರೆಲ್, ಬೋಲ್ಟ್ ಅಮೆರಿಕ ಬಿಡಬೇಕಾದರೆ ರಫ್ತು ಲೈಸೆನ್ಸ್ ಬೇಕು, ಭಾರತದ ಕಡೆ ಆಮದು ಪರವಾನಗಿ ಬೇಕು. ಎರಡೂ ಕಡೆ ಅಪರಾಧವಾಗುತ್ತದೆ.

ಊರಿನಲ್ಲಿದ್ದು ಈ ಆಟ ಕಲಿಯಬೇಕು ಅನ್ನುವವರು ಕ್ಲಬ್ ಸೇರಿ 10 ಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿ. ಆನ್‌ಶುಟ್ಜ್, ವಾಲ್ಥರ್‌ನಂಥ ಮ್ಯಾಚ್ ರೈಫಲ್‌ಗಳಲ್ಲಿ ಕೆನ್ನೆಪಟ್ಟಿ, ಬಟ್ ಪ್ಲೇಟ್, ಟ್ರಿಗರ್ ಎಲ್ಲವನ್ನೂ ಮೈಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಆ ಹೊಂದಿಕೆ ಕಲಿತವರಿಗೆ ಮುಂದೆ ಯಾವ ರೈಫಲ್ ಕೈಗೆ ಬಂದರೂ ದಾರಿ ಗೊತ್ತಿರುತ್ತದೆ.

## ಅನುಭವ ಇರುವವರಿಗೆ

ಬ್ಯಾರೆಲ್ ಎಷ್ಟು ಬಾಳಿಕೆ ಬರುತ್ತೆ? ಯಾವಾಗ ಬದಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ?

ಕಾಡತೂಸಿನ ಮೇಲೆ ಹೋಗುತ್ತದೆ. .308 ಆದರೆ 5000 ಗುಂಡು, ಅದಕ್ಕೂ ಜಾಸ್ತಿ. 6.5 ಕ್ರೀಡ್‌ಮೋರ್ 2000–3000. 6 ಮಿಲಿಮೀಟರ್ ಕ್ರೀಡ್‌ಮೋರ್ ಹೆಚ್ಚುಕಡಿಮೆ 1500. ಸಣ್ಣ ತೂತಿನಲ್ಲಿ ಜಾಸ್ತಿ ಮದ್ದು ಸುಟ್ಟಷ್ಟೂ ಬೇಗ ಸವೆಯುತ್ತದೆ. ಬಿಡದೆ ವೇಗವಾಗಿ ಹೊಡೆದು ಕಾಯಿಸಿದರೆ ಇನ್ನೂ ಬೇಗ.

ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡುವ ಉಪಕರಣ) ಹಾಕಿ ಚೇಂಬರ್‌ನ ಮುಂದಿನ ಭಾಗ ನೋಡಿ. ಹೊಸ ಬ್ಯಾರೆಲ್‌ನಲ್ಲಿ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು) ಅಂಚುಗಳು ಚೂಪಾಗಿ, ಹೊಳೆಯುತ್ತಾ ಶುರುವಾಗುತ್ತವೆ. ಸವೆದ ಬ್ಯಾರೆಲ್‌ನಲ್ಲಿ ಆ ಜಾಗ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಹಾಗೆ ಚೌಕ ಚೌಕವಾಗಿ ಬಿರುಕು ಬಿಟ್ಟಿರುತ್ತದೆ. ಆದರೆ ಬಿರುಕು ಕಂಡಿತು ಅಂತ ತಕ್ಷಣ ಎಸೆಯಬೇಡಿ. ಗುಂಪು ಬಿಚ್ಚಿಕೊಂಡಾಗ, ವೇಗ ಕಾರಣವಿಲ್ಲದೆ ಏರಿಳಿದಾಗ ಬದಲಿಸಿ. ಸ್ಪರ್ಧೆಗೆ ಹೋಗುವವರು ಅದಕ್ಕಿಂತ ಸ್ವಲ್ಪ ಮುಂಚೆಯೇ ಮುಂದಿನ ಬ್ಯಾರೆಲ್ ತರಿಸಿ ಇಟ್ಟುಕೊಂಡಿರುತ್ತಾರೆ. ಬ್ಯಾರೆಲ್ಲನ್ನು ಟೈರ್, ಬ್ರೇಕ್ ತರಹ ಖರ್ಚಾಗುವ ವಸ್ತು ಅಂತ ಒಪ್ಪಿಕೊಂಡವರಿಗೆ ಪ್ರಿಫಿಟ್ ಆಕ್ಷನ್ ಯಾಕೆ ಬೇಕು ಅಂತ ಬೇರೆ ಹೇಳಬೇಕಿಲ್ಲ.

ಅಪರೂಪಕ್ಕೆ ಸಿಕ್ಕ ಹಳೇ ರೆಮಿಂಗ್ಟನ್ 700 ಇದೆ. ಅದರ ಮೇಲೇ ಕಟ್ಟಿಸ್ಲಾ?

1962ರಲ್ಲಿ ಬಂದ ಈ ರೈಫಲ್‌ನ ಆಕಾರ ಈಗ ಉದ್ಯಮದ ಅಳತೆಗೋಲೇ ಆಗಿದೆ. ಬೇರೆ ಕಂಪನಿಗಳ ಆಕ್ಷನ್, ಟ್ರಿಗರ್, ಚಾಸಿಗಳಲ್ಲಿ ಬಹುಪಾಲು ಇದರ ಅಳತೆಗೇ ಹೊಂದುತ್ತವೆ. ಹಾಗಂತ ಹಳೆಯ 700 ಮೇಲೆ ಕಟ್ಟಿಸುವುದು ಉಳಿತಾಯ ಅಲ್ಲ. ಆಕ್ಷನ್‌ನ ಮುಖ, ಸ್ಕ್ರೂ ಎಳೆ, ಬೋಲ್ಟ್‌ನ ಲಗ್ (ಬೀಗ ಹಾಕುವ ಹಲ್ಲು) ಕೂರುವ ಜಾಗ ಎಲ್ಲವನ್ನೂ ನೇರ ಮಾಡಿಸಲು ಕೆಲವು ನೂರು ಡಾಲರ್ ಹೋಗುತ್ತದೆ. ಕೊನೆಗೆ ಹೊಸ ಕಸ್ಟಮ್ ಆಕ್ಷನ್‌ನ ಬೆಲೆ ಹತ್ತಿರ ಬರುತ್ತದೆ, ಆದರೂ ಪ್ರಿಫಿಟ್ ಅನುಕೂಲ ಸಿಗುವುದಿಲ್ಲ. ತಂದೆಯಿಂದಲೋ ಗುರುವಿನಿಂದಲೋ ಬಂದ ರೈಫಲ್ ಆದರೆ ಮಾತು ಬೇರೆ, ಸಂತೋಷವಾಗಿ ಮಾಡಿಸಿ. 2006ರಿಂದ 2014ರ ನಡುವೆ ತಯಾರಾದದ್ದಾದರೆ ಅದರ ಟ್ರಿಗರ್ ಹಿಂಪಡೆದ ಪಟ್ಟಿಯಲ್ಲಿದೆಯೇ ಅಂತ ಮೊದಲು ನೋಡಿ.

ಗನ್‌ಸ್ಮಿತ್‌ಗೆ ಆರ್ಡರ್ ಕೊಡುವಾಗ ಏನೇನು ಬರೆದು ಕೊಡಬೇಕು?

"ಚೆನ್ನಾಗಿ ಮಾಡಿಕೊಡಿ" ಅಂದರೆ ಸಾಲದು. ಯಾವ ಗುಂಡು ಹೊಡೆಯುತ್ತೀರಿ ಅನ್ನುವುದರಿಂದ ಶುರು ಮಾಡಿ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. 140 ಗ್ರೇನ್ 6.5 ಗುಂಡಾದರೆ 8 ಇಂಚಿಗೆ ಒಂದು ಸುತ್ತಿನ ಟ್ವಿಸ್ಟ್ ಸರಿ. ಉದ್ದ 24ರಿಂದ 26 ಇಂಚು, ದಪ್ಪ ಎಷ್ಟು, ಬಾಯಿಯ ಎಳೆ 5/8-24 ಇರಬೇಕಾ, ಎಲ್ಲವನ್ನೂ ಬರೆಯಿರಿ.

ಜನ ಸಾಮಾನ್ಯವಾಗಿ ಮರೆಯುವುದು ಫ್ರೀಬೋರ್, ಅಂದರೆ ರೈಫ್ಲಿಂಗ್ ಶುರುವಾಗುವ ಮುಂಚಿನ ಖಾಲಿ ಜಾಗ. ನಿಮ್ಮ ಗುಂಡು ಮ್ಯಾಗಜೀನ್‌ನಲ್ಲಿ ಹಿಡಿಸುವ ಉದ್ದದಲ್ಲೇ ಇದ್ದು ರೈಫ್ಲಿಂಗ್‌ಗೆ ಹತ್ತಿರ ತಲುಪಬೇಕು. ಮದ್ದು, ಪ್ರೈಮರ್ ಇಲ್ಲದ ಒಂದು ಡಮ್ಮಿ ಕಾಡತೂಸನ್ನು ನಿಮಗೆ ಬೇಕಾದ ಉದ್ದಕ್ಕೆ ಮಾಡಿ ಗನ್‌ಸ್ಮಿತ್‌ಗೆ ಕಳಿಸಿ. ಹತ್ತು ಮೇಲ್ ಬರೆಯುವುದಕ್ಕಿಂತ ಅದು ಸ್ಪಷ್ಟ. ಕಸ್ಟಮ್ ಕೆಲಸ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ, ನಿಮಗೆ ಬೇಕಾದ ಇಂಥ ಅಳತೆ ಸಿದ್ಧ ಪ್ರಿಫಿಟ್‌ನಲ್ಲಿ ಎಲ್ಲ ಸಲ ಸಿಗುವುದಿಲ್ಲ.

ನಾನು ಮೆಕ್ಯಾನಿಕಲ್ ಇಂಜಿನಿಯರ್. ಲೇಥ್ ತಗೊಂಡು ಚೇಂಬರ್ ನಾನೇ ಮಾಡ್ಲಾ?

ಆಸೆ ಅರ್ಥವಾಗುತ್ತದೆ. ಆದರೆ ಲೇಥ್ ನಡೆಸಲು ಬರುವುದಕ್ಕೂ ಬ್ಯಾರೆಲ್ ಚೇಂಬರ್ ಮಾಡುವುದಕ್ಕೂ ದೂರ ಇದೆ. ಒಳ್ಳೆಯ ಗನ್‌ಸ್ಮಿತ್ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ. ಬ್ಯಾರೆಲ್ಲನ್ನು ಚಕ್‌ನಲ್ಲಿ ಹಿಡಿದು, ಒಳಗಿನ ತೂತಿಗೆ ಡಯಲ್ ಇಂಡಿಕೇಟರ್ ತಾಗಿಸಿ, ಮುಳ್ಳು ಇಂಚಿನ ಹತ್ತುಸಾವಿರದ ಒಂದೆರಡು ಭಾಗ ಮಾತ್ರ ಅಲ್ಲಾಡುವವರೆಗೆ ಸರಿಮಾಡುತ್ತಾ ಇರುತ್ತಾರೆ. ಅರ್ಧ ದಿನದ ಕೆಲಸದಲ್ಲಿ ಲೋಹ ಕತ್ತರಿಸುವ ಹೊತ್ತು ಸ್ವಲ್ಪವೇ. ಉಳಿದದ್ದೆಲ್ಲ ಅಳೆಯುವುದು, ತಿರುಗಿಸುವುದು, ಮತ್ತೆ ಅಳೆಯುವುದು.

ಲೇಥ್, ಅಳತೆಯ ಉಪಕರಣ, ಪ್ರತಿ ಕಾಡತೂಸಿಗೂ ಬೇರೆ ಬೇರೆ ರೀಮರ್ (ಚೇಂಬರ್ ಕೊರೆಯುವ ಉಪಕರಣ) ಅಂತ ಸಾವಿರಾರು ಡಾಲರ್ ಆಗುತ್ತದೆ. ತಪ್ಪಾದರೆ 400 ಡಾಲರ್‌ನ ಬ್ಲ್ಯಾಂಕ್ (ಚೇಂಬರ್ ಮಾಡದ ಬ್ಯಾರೆಲ್) ಹಾಳು, ತಪ್ಪು ಗೊತ್ತಾಗದೇ ಹೋದರೆ ಅಪಾಯ. ಲೋಹದ ಕೆಲಸವೇ ನಿಮಗೆ ಇಷ್ಟ ಅನ್ನುವುದಾದರೆ ಗನ್‌ಸ್ಮಿತಿಂಗ್ ಕಲಿಸುವ ಕಾಲೇಜುಗಳಿವೆ. ಕೊಲರಾಡೋದ ಟ್ರಿನಿಡಾಡ್ ಸ್ಟೇಟ್ ಕಾಲೇಜು ಅವುಗಳಲ್ಲಿ ಹೆಸರುವಾಸಿ. ಅಂಥ ಕಡೆ ಕಲಿತವರ ಕೈಕೆಳಗೆ ಕಲಿಯಿರಿ. ಸ್ಪರ್ಧೆಯಲ್ಲಿ ಅಂಕ ಬೇಕು ಅನ್ನುವುದಾದರೆ ಪ್ರಿಫಿಟ್ ಹಾಕಿ, ಗೇಜ್ ಇಟ್ಟು ನೋಡಿ, ಶನಿವಾರ ಬೆಳಿಗ್ಗೆ ಗಾಳಿ ಏಳುವ ಹೊತ್ತಿಗೆ ರೇಂಜ್‌ನಲ್ಲಿರಿ.